ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವುದು ಏಕೆ ಕಷ್ಟ, ಸುಲಭವಾಗುವುದು ಹೇಗೆ

ಅಮ್ಮ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಸ್ವಲ್ಪ ಹೊತ್ತಿನಲ್ಲೇ ನಮ್ಮಲ್ಲಿ ಒಬ್ಬರಿಗೆ ಕರೆ ಬರುತ್ತಿತ್ತು. "ಬಂದು ಸೂಜಿಗೆ ದಾರ ಪೋಣಿಸಿ ಕೊಡು, ನನಗೆ ಕಾಣಿಸುತ್ತಿಲ್ಲ." ನಾವು ಹೋಗಿ, ಪೋಣಿಸಿ, ಆಟಕ್ಕೆ ಮರಳುತ್ತಿದ್ದೆವು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ದಾರ ಜಾರಿದರೆ ಹೊಲಿಗೆ ಅಲ್ಲಿಗೇ ನಿಲ್ಲುತ್ತಿತ್ತು. ಅರ್ಧ ಹೊಲಿದ ಬಟ್ಟೆ ಸಂಜೆಯವರೆಗೂ ಯಂತ್ರದ ಮೇಲೆ ಹಾಗೆಯೇ ಬಿದ್ದಿರುತ್ತಿತ್ತು. ಬಟ್ಟೆ ಕತ್ತರಿಸುವ ಅಳತೆ, ಅಂಚು ಮಡಿಸುವ ನಾಜೂಕು, ಗೆರೆ ಎಳೆದಂತೆ ಹೊಲಿಗೆ ಹಾಕುವ ಹದ ಎಲ್ಲವೂ ಅವರ ಕೈಯಲ್ಲಿ ಇದ್ದವು. ಅಷ್ಟು ವರ್ಷಗಳ ವಿದ್ಯೆಯನ್ನು ತಡೆದು ನಿಲ್ಲಿಸುತ್ತಿದ್ದುದು ಅರ್ಧ ಮಿಲಿಮೀಟರ್ ಅಗಲವೂ ಇಲ್ಲದ ಒಂದು ತೂತು. ಈ ಮಾತನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ದಾರ ಹೋಗದಿದ್ದರೆ ನಾವು ಮೊದಲು ದೂರುವುದು ನಮ್ಮ ಕಣ್ಣನ್ನು, ಆಮೇಲೆ ನಡುಗುವ ಕೈಯನ್ನು. ಬಹುತೇಕ ಸಲ ತಪ್ಪು ಅವೆರಡರದ್ದೂ ಆಗಿರುವುದಿಲ್ಲ. ದಾರದ ತುದಿ, ಸೂಜಿಯ ಹಿಂದಿನ ಬೆಳಕು, ಸೂಜಿ ಮತ್ತು ದಾರದ ಜೋಡಿ, ಇವುಗಳಲ್ಲಿ ಯಾವುದೋ ಒಂದು ಕೆಟ್ಟಿರುತ್ತದೆ. ದಾರವನ್ನು ಸೂಜಿಯ ಬಳಿಗೆ ತರುವ ಮೊದಲೇ ಇವನ್ನು ಸರಿಪಡಿಸಿಕೊಂಡರೆ ಪೋಣಿಸುವ ಕೆಲಸ ಕೆಲವೇ ಕ್ಷಣಗಳದ್ದು.

ಕೈಹೊಲಿಗೆಯ ಸೂಜಿಗೆ ದಾರ ಪೋಣಿಸುವವರಿಗೂ ಯಂತ್ರದ ಸೂಜಿ ಏಕೆ ಸತಾಯಿಸುತ್ತದೆ? ಕೈಸೂಜಿಯ ಕಣ್ಣು ಮೊನೆಯಿಂದ ದೂರ, ತಲೆಯ ಕಡೆ ಇರುತ್ತದೆ. ಅದನ್ನು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಮುಖದ ಹತ್ತಿರ ತರಬಹುದು. ಯಂತ್ರದ ಸೂಜಿ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿರುತ್ತದೆ, ಅದರ ಕಣ್ಣೋ ಮೊನೆಯ ಪಕ್ಕದಲ್ಲೇ. ಹೀಗೆ ಮೊನೆಯ ಬಳಿ ಕಣ್ಣಿರುವ ಸೂಜಿಯನ್ನು ಬಳಸಿದ ಯಂತ್ರಕ್ಕೆ ಅಮೆರಿಕದ ಇಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದರು. ಯಂತ್ರದ ಹೊಲಿಗೆ ನಿಂತಿರುವುದೇ ಆ ಕಣ್ಣಿನ ಜಾಗದ ಮೇಲೆ. ಸೂಜಿ ಇಡಿಯಾಗಿ ಬಟ್ಟೆಯನ್ನು ದಾಟುವುದಿಲ್ಲ. ಮೊನೆಯನ್ನು ತೂರಿಸಿ ಹಿಂದಕ್ಕೆ ಬರುತ್ತದೆ. ಹಾಗೆ ಬರುವಾಗ ಬಟ್ಟೆಯ ಕೆಳಗೆ ದಾರದ ಒಂದು ಸಣ್ಣ ಕುಣಿಕೆ ಉಳಿಯುತ್ತದೆ. ಆ ಕುಣಿಕೆಯನ್ನು ಕೆಳಗಿನ ಕೊಕ್ಕೆ ಹಿಡಿದು, ಕೆಳದಾರ ಸುತ್ತಿದ ಪುಟ್ಟ ಉರುಳೆಯಾದ ಬಾಬಿನ್‌ನ ದಾರಕ್ಕೆ ಸುತ್ತುತ್ತದೆ. ಕಣ್ಣು ಮೇಲಿದ್ದರೆ ಈ ಕುಣಿಕೆ ಹುಟ್ಟುವುದೇ ಇಲ್ಲ. ಹಾಗಾಗಿ ಕಣ್ಣಿನ ಜಾಗ ಬದಲಾಗುವಂತಿಲ್ಲ, ನಾವೇ ಅದಕ್ಕೆ ಹೊಂದಿಕೊಳ್ಳಬೇಕು.

ಒಮ್ಮೆ ಸೂಜಿಯನ್ನು ಯಂತ್ರದಿಂದ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಮನೆಬಳಕೆಯ ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು. ದುಂಡಗಿರುವ ಕಡೆಯಲ್ಲಿ ಬುಡದ ಕೆಳಗಿನಿಂದ ಕಣ್ಣಿನವರೆಗೆ ಸಪೂರವಾದ ಕಾಲುವೆಯೊಂದು ಇಳಿದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರನ್ನು ಅಡ್ಡಲಾಗಿ ಸವರಿದರೆ ಸಿಗುತ್ತದೆ. ಸೂಜಿ ಬಟ್ಟೆಯೊಳಗೆ ಇಳಿಯುವಾಗ ದಾರ ಈ ಕಾಲುವೆಯಲ್ಲಿ ಅಡಗಿಕೊಂಡು, ಬಟ್ಟೆಗೆ ಉಜ್ಜದೆ ಸಾಗುತ್ತದೆ. ಹಿಂಬದಿಯಲ್ಲಿ ಕಣ್ಣಿನ ಹತ್ತಿರ ಸ್ವಲ್ಪ ಕೆತ್ತಿದಂತಹ ತಗ್ಗು ಇರುತ್ತದೆ. ಕೊಕ್ಕೆ ಬಂದು ಕುಣಿಕೆಯನ್ನು ಹಿಡಿಯುವುದು ಆ ತಗ್ಗಿನಲ್ಲಿ. ದಾರ ಯಾವ ಕಡೆಯಿಂದ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಕ್ಕಿತು: ಕಾಲುವೆಯ ಕಡೆಯಿಂದ ಒಳಗೆ, ತಗ್ಗಿನ ಕಡೆಯಿಂದ ಹೊರಗೆ. ಈಗಿನ ಹೆಚ್ಚಿನ ಮನೆಬಳಕೆಯ ಯಂತ್ರಗಳಲ್ಲಿ ಸೂಜಿಯ ಚಪ್ಪಟೆ ಬದಿ ಹಿಂದಕ್ಕಿರುವುದರಿಂದ ದಾರ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. ಹಳೆಯ ಯಂತ್ರಗಳಲ್ಲಿ ಚಪ್ಪಟೆ ಬದಿ ಪಕ್ಕಕ್ಕೆ ಇರಬಹುದು, ಆಗ ದಾರವೂ ಪಕ್ಕದಿಂದಲೇ. ಬುಡ ಪೂರ್ತಿ ದುಂಡಗಿರುವ ಕಾರ್ಖಾನೆಯ ಸೂಜಿಯಲ್ಲಿ ಚಪ್ಪಟೆ ಬದಿಯೇ ಇರುವುದಿಲ್ಲ, ಅಲ್ಲಿ ಉಗುರಿಗೆ ಸಿಗುವ ಕಾಲುವೆಯೇ ದಿಕ್ಸೂಚಿ. ತಪ್ಪು ಕಡೆಯಿಂದ ಪೋಣಿಸಿದರೂ ದಾರ ತೂತಿನಲ್ಲಿ ಹೋಗುತ್ತದೆ. ಹೊಲಿಗೆ ಮಾತ್ರ ಬಿಟ್ಟು ಬಿಟ್ಟು ಬೀಳುತ್ತದೆ, ಇಲ್ಲವೇ ದಾರ ಕಿತ್ತು ಬರುತ್ತದೆ. ಆಗ ಮತ್ತೆ ಪೋಣಿಸುವ ಪಾಡು.

ಇನ್ನು ದಾರದ ತುದಿ. ನನ್ನ ಅನುಭವದಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ.

ದಾರ ಎಂದರೆ ಹಲವು ನವಿರಾದ ಎಳೆಗಳನ್ನು ಹುರಿಗೊಳಿಸಿ ಮಾಡಿದ ವಸ್ತು. ಹುರಿ ಇರುವವರೆಗೆ ಎಳೆಗಳು ಒಟ್ಟಿಗೆ ನಿಲ್ಲುತ್ತವೆ. ಹಲ್ಲಿನಿಂದ ಕಚ್ಚಿ ತುಂಡರಿಸಿದಾಗ, ಕೈಯಿಂದ ಎಳೆದು ಕಿತ್ತಾಗ, ಮೊಂಡು ಕತ್ತರಿ ಜಗಿದಾಗ ತುದಿಯ ಹುರಿ ಬಿಚ್ಚಿ ಎಳೆಗಳು ಕುಂಚದಂತೆ ಹರಡಿಕೊಳ್ಳುತ್ತವೆ. ಅವುಗಳಲ್ಲಿ ಒಂದೇ ಒಂದು ಎಳೆ ಕಣ್ಣಿನ ಅಂಚಿಗೆ ತಾಗಿದರೂ ಸಾಕು, ಇಡೀ ತುದಿ ಮಡಿಸಿಕೊಳ್ಳುತ್ತದೆ. ನಮಗೆ ಕಾಣುವುದು "ದಾರ ಹೋಗುತ್ತಿಲ್ಲ" ಎಂಬುದು ಮಾತ್ರ. ಹರಿತವಾದ ಸಣ್ಣ ಕತ್ತರಿಯನ್ನು ದಾರಕ್ಕೆಂದೇ ಬೇರೆ ಇಟ್ಟುಕೊಳ್ಳಿ. ದಾರವನ್ನು ಸ್ವಲ್ಪ ಬಿಗಿ ಹಿಡಿದು ಓರೆಯಾಗಿ ಒಂದೇ ಏಟಿಗೆ ಕತ್ತರಿಸಿ. ಓರೆ ಕತ್ತರಿಸಿದ ತುದಿ ಚೂಪಾಗುತ್ತದೆ, ಮೊದಲು ಒಳಹೋಗುವ ಭಾಗ ಸಪೂರವಾಗುತ್ತದೆ. ಎರಡು ಸಲ ಪ್ರಯತ್ನಿಸಿಯೂ ಹೋಗದಿದ್ದರೆ ಮೂರನೆಯ ಸಲ ಅದೇ ತುದಿಯನ್ನು ತುರುಕಬೇಡಿ, ಹೊಸದಾಗಿ ಕತ್ತರಿಸಿ. ಸೋತ ತುದಿ ಪ್ರತಿ ಪ್ರಯತ್ನದಲ್ಲೂ ಮತ್ತಷ್ಟು ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ.

ಕತ್ತರಿಸಿದ ಮೇಲೆ ಹಿಡಿಯುವುದು ಹೇಗೆ ಎಂಬುದು ಇನ್ನೂ ಮುಖ್ಯ. ಬೆರಳ ತುದಿಯಿಂದ ಮೂರು ನಾಲ್ಕು ಸೆಂಟಿಮೀಟರ್ ದಾರವನ್ನು ಮುಂದೆ ಬಿಟ್ಟು ಪೋಣಿಸಲು ಹೊರಟರೆ ಅದು ತೂಗಾಡುತ್ತದೆ. ಒಂದು ತುದಿಯಲ್ಲಿ ಹಿಡಿದ ಸಪೂರ ಕಡ್ಡಿ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದದ ಘನವನ್ನು ಅನುಸರಿಸುತ್ತದೆ. ಅಂದರೆ ಹೊರಗೆ ಉಳಿಯುವ ಉದ್ದವನ್ನು ಅರ್ಧಕ್ಕೆ ಇಳಿಸಿದರೆ, ತುದಿಯನ್ನು ಅಷ್ಟೇ ದೂರ ಪಕ್ಕಕ್ಕೆ ಸರಿಸಲು ಎಂಟು ಪಟ್ಟು ಬಲ ಬೇಕಾಗುತ್ತದೆ. ದಾರ ಕಡ್ಡಿಯಷ್ಟು ಗಟ್ಟಿಯಲ್ಲ, ಆದರೂ ಈ ಲೆಕ್ಕದ ಸಾರ ಅದಕ್ಕೂ ಹೊಂದುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳ ನಡುವೆ ದಾರವನ್ನು ಒತ್ತಿ ಹಿಡಿದು, ನಾಲ್ಕೈದು ಮಿಲಿಮೀಟರ್ ಮಾತ್ರ ಹೊರಗೆ ಕಾಣುವಂತೆ ಇಟ್ಟುಕೊಳ್ಳಿ. ಮೆತ್ತಗಿದ್ದ ಅದೇ ದಾರ ಈಗ ನೆಟ್ಟಗೆ ನಿಲ್ಲುವುದನ್ನು ನೋಡಿದಾಗ ನನಗೆ ಇಂದಿಗೂ ಖುಷಿಯಾಗುತ್ತದೆ.

ಸೂಜಿಯ ಕಣ್ಣು ದುಂಡಗಿಲ್ಲ ಎಂಬುದನ್ನೂ ನೆನಪಿಡಬೇಕು. ಅದು ಅಗಲಕ್ಕಿಂತ ಎತ್ತರ ಹೆಚ್ಚಿರುವ ಸೀಳು. ಆದ್ದರಿಂದ ತುದಿಯನ್ನು ಉಗುರುಗಳ ನಡುವೆ ಗಟ್ಟಿಯಾಗಿ ಅದುಮಿ ಚಪ್ಪಟೆ ಮಾಡಿ, ಆ ಚಪ್ಪಟೆ ಪಟ್ಟಿ ನಿಂತ ಭಂಗಿಯಲ್ಲಿ ಕಣ್ಣಿಗೆ ಹೋಗುವಂತೆ ತಿರುಗಿಸಿ. ಅಡ್ಡಲಾಗಿ ಹಿಡಿದರೆ ಅದೇ ಚಪ್ಪಟೆ ತುದಿ ಅಡ್ಡಿಯಾಗುತ್ತದೆ.

ದಾರಕ್ಕೆ ಎಂಜಲು ಹಚ್ಚುವ ರೂಢಿ ಎಲ್ಲರಿಗೂ ಗೊತ್ತು. ಅದರಲ್ಲಿ ಅರ್ಧ ಸತ್ಯವಿದೆ. ನೀರಿನ ಪೊರೆ ಹರಡಿದ ಎಳೆಗಳನ್ನು ಒಟ್ಟಿಗೆ ಎಳೆದು ಹಿಡಿಯುತ್ತದೆ, ನಿಜ. ಆದರೆ ಹತ್ತಿಯ ದಾರ ನೀರು ಕುಡಿದು ಉಬ್ಬುತ್ತದೆ, ಮೆತ್ತಗೂ ಆಗುತ್ತದೆ. ಒದ್ದೆ ಮಾಡಲೇಬೇಕಿದ್ದರೆ ತೇವ ತಾಗಿದಷ್ಟೇ ಸಾಕು, ಕೂಡಲೇ ಉಗುರಿನಿಂದ ಹಿಂಡಿ ತೆಗೆಯಬೇಕು. ಇದಕ್ಕಿಂತ ಒಳ್ಳೆಯದು ದಾರವನ್ನು ಒಣದಾಗಿಯೇ ಇಟ್ಟು, ಒದ್ದೆ ಬೆರಳಿನಿಂದ ಸೂಜಿಯ ಕಣ್ಣಿನ ಹಿಂಬದಿಯನ್ನು ಮುಟ್ಟುವುದು. ಕಣ್ಣಿನಲ್ಲಿ ನಿಂತ ಹನಿ ಒಣ ತುದಿಯನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಪೋಣಿಸಿದ ಮೇಲೆ ಸೂಜಿಯನ್ನು ಒರೆಸಿಬಿಡಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ತುಂಬ ಹಟಮಾರಿಯಾದ ಉಣ್ಣೆಯಂತಹ ಅಥವಾ ಹೊಳೆಯುವ ದಾರಕ್ಕೆ ಜೇನುಮೇಣ ಸವರಿದರೆ ತುದಿ ಗಟ್ಟಿಯಾಗುತ್ತದೆ. ಪೋಣಿಸಿ ಆದ ಮೇಲೆ ಮೇಣ ತಾಗಿದ ಭಾಗವನ್ನು ಕತ್ತರಿಸಿ ಎಸೆಯಬೇಕು, ಅದು ಯಂತ್ರದೊಳಗೆ ಸೇರಬಾರದು.

ಕಾಣುವುದರ ಮಾತಿಗೆ ಬರೋಣ. ನಲವತ್ತು ದಾಟುತ್ತಿದ್ದಂತೆ ಕಣ್ಣಿನೊಳಗಿನ ಮಸೂರ ಬಿರುಸಾಗುತ್ತಾ ಹೋಗುತ್ತದೆ. ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕು, ಉಬ್ಬಲಾರದು. ಚಾಳೀಸು ಎಂದು ನಾವು ಕರೆಯುವುದು ಇದನ್ನೇ. ಓದುವ ಕನ್ನಡಕ ಇದಕ್ಕೆ ನೇರ ಪರಿಹಾರ, ಅದನ್ನು ಹಾಕಿಕೊಳ್ಳಲು ಹಿಂಜರಿಕೆ ಬೇಡ. ಆದರೆ ಕನ್ನಡಕದಷ್ಟೇ ಕೆಲಸ ಮಾಡುವ ಇನ್ನೊಂದು ವಸ್ತು ಬೆಳಕು. ಪ್ರಖರ ಬೆಳಕಿನಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದಾಗ ಮಸುಕು ಕಡಿಮೆಯಾಗಿ, ಸ್ವಲ್ಪ ಹತ್ತಿರದ್ದೂ ಸ್ವಲ್ಪ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಸಂಜೆ ಕಾಣದ ಸೂಜಿಯ ಕಣ್ಣು ಮಧ್ಯಾಹ್ನ ಕಿಟಕಿಯ ಬಳಿ ಕಾಣುವುದು ಇದರಿಂದಲೇ. ಯಂತ್ರದ ಪುಟ್ಟ ದೀಪವನ್ನೇ ನಂಬಿ ಕೂರದೆ, ಕುತ್ತಿಗೆ ಬಾಗಿಸಬಹುದಾದ ಮೇಜುದೀಪವೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳಿ. ಬೆಳಕು ನಿಮ್ಮ ಮುಖಕ್ಕೆ ಹೊಡೆಯದೆ ಸೂಜಿಯ ಮೇಲೆ ಬೀಳಲಿ.

ಆಮೇಲೆ ಹಿನ್ನೆಲೆ. ಸೂಜಿ ಉಕ್ಕಿನದು, ಅದರ ಹಿಂದಿರುವ, ಬಟ್ಟೆ ಒತ್ತುವ ಪಾದವೂ ಉಕ್ಕಿನದು, ಕೆಳಗಿನ ತಟ್ಟೆಯೂ ಅಷ್ಟೇ. ಬೂದು ಬಣ್ಣದ ಮೇಲೆ ಬೂದು ಬಣ್ಣದ ತೂತನ್ನು ಹುಡುಕುತ್ತಿದ್ದೇವೆ. ಸೂಜಿಯ ಹಿಂದೆ ಒಂದು ತುಂಡು ಬಿಳಿಯ ಕಾಗದ ಹಿಡಿಯಿರಿ: ಸೂಜಿ ಕಪ್ಪಾಗಿ, ಅದರ ನಡುವೆ ಕಣ್ಣು ಬೆಳ್ಳಗಿನ ಗೀರಾಗಿ ಥಟ್ಟನೆ ಎದ್ದು ಬರುತ್ತದೆ. ದಾರವೇ ಬಿಳಿಯದಾಗಿದ್ದರೆ ಕಡು ಬಣ್ಣದ ಕಾಗದ ಇಡಿ. ಪಾದದ ಹಿಂಭಾಗಕ್ಕೆ ಪುಟ್ಟ ಬಿಳಿಯ ಕಾಗದವನ್ನು ಅಂಟಿಸಿಟ್ಟುಕೊಂಡವರಿದ್ದಾರೆ, ಅದೂ ಒಳ್ಳೆಯ ಉಪಾಯ. ಹಾಗೆಯೇ ಸೂಜಿಯನ್ನು ಮೇಲಿನಿಂದ ನೋಡಬೇಡಿ. ಮೇಲಿನಿಂದ ನೋಡಿದಾಗ ಎತ್ತರದ ಸೀಳು ಕುಗ್ಗಿ ಚುಕ್ಕಿಯಷ್ಟಾಗುತ್ತದೆ. ತಲೆ ತಗ್ಗಿಸಿ ಸೂಜಿಯ ಮಟ್ಟಕ್ಕೆ ಬನ್ನಿ. ಬೆನ್ನು ಬಾಗದವರು ಯಂತ್ರದ ಹಿಂದಿನ ಅಂಚಿನ ಕೆಳಗೆ ಜಾರದ ತೆಳುವಾದ ಹಲಗೆಯನ್ನು ಕೊಟ್ಟು ಯಂತ್ರವನ್ನೇ ತುಸು ತಮ್ಮತ್ತ ಬಾಗಿಸಬಹುದು. ಹೊಲಿಯುವ ಮುನ್ನ ಅದನ್ನು ತೆಗೆದುಬಿಡಿ.

ಯಂತ್ರವನ್ನು ಸಿದ್ಧಪಡಿಸುವ ಕ್ರಮವೂ ಇದೆ. ಮೊದಲು ವಿದ್ಯುತ್ ಆರಿಸಿ ಅಥವಾ ಕಾಲನ್ನು ಪೆಡಲ್‌ನಿಂದ ತೆಗೆಯಿರಿ. ಬೆರಳು ಸೂಜಿಯ ಕೆಳಗಿರುವಾಗ ಕಾಲು ಅರಿವಿಲ್ಲದೆ ಒತ್ತಿದರೆ ಆಗುವ ಗಾಯ ಸಣ್ಣದಲ್ಲ. ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ, ದಾರವನ್ನು ಉಂಡೆಯಿಂದ ತಂದು ದಾರಕ್ಕೆ ಬಿಗಿ ಕೊಡುವ ಟೆನ್ಷನ್ ಬಿಲ್ಲೆಗಳ ನಡುವೆ ಹಾಯಿಸಿ, ಮೇಲೆ ಕೆಳಗೆ ಆಡುವ ಲಿವರ್‌ನ ತೂತಿಗೆ ಹಾಕಿ, ಸೂಜಿಯ ಮೇಲಿರುವ ಕೊನೆಯ ಕೊಂಡಿಯವರೆಗೆ ತನ್ನಿ. ಪಾದ ಮೇಲಿದ್ದಾಗ ಬಿಲ್ಲೆಗಳು ತೆರೆದಿರುತ್ತವೆ, ದಾರ ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಇಷ್ಟಾದ ಮೇಲೆ ಪಾದವನ್ನು ಇಳಿಸಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಪಾದ ಕೆಳಗಿಳಿದರೆ ಸೂಜಿಯ ಮೊನೆಗೂ ಪಾದಕ್ಕೂ ನಡುವೆ ಬೆರಳಾಡಿಸಲು ಜಾಗ ಸಿಗುತ್ತದೆ, ಬಿಲ್ಲೆಗಳು ದಾರವನ್ನು ಹಿಡಿದುಕೊಳ್ಳುವುದರಿಂದ ಅದು ಹಿಂದಕ್ಕೂ ಜಾರುವುದಿಲ್ಲ.

ಕೈ ನಡುಗುವವರಿಗೆ ಒಂದು ಮಾತು. ಎರಡೂ ಮೊಣಕೈಗಳನ್ನು ಮೇಜಿಗೆ ಊರಿ, ದಾರ ಹಿಡಿದ ಕೈಯ ಕಿರುಬೆರಳನ್ನು ಯಂತ್ರದ ಮೈಗೆ ಆನಿಸಿ. ಆಗ ಕೈ ಮತ್ತು ಸೂಜಿ ಒಂದೇ ಆಸರೆಯ ಮೇಲಿರುತ್ತವೆ, ನಡುಕ ಬಹಳ ಮಟ್ಟಿಗೆ ಅಡಗುತ್ತದೆ. ಎಡಗೈಯ ತೋರುಬೆರಳನ್ನು ಸೂಜಿಯ ಹಿಂದೆ ಇಟ್ಟು, ಬಲಗೈಯಲ್ಲಿರುವ ದಾರದ ತುದಿಯನ್ನು ಸೂಜಿಯ ಕಾಲುವೆಗೆ ಒತ್ತಿ ಮೆಲ್ಲನೆ ಕೆಳಕ್ಕೆ ಜಾರಿಸಿ. ಕಾಲುವೆ ದಾರವನ್ನು ಅತ್ತಿತ್ತ ಹೋಗಗೊಡದೆ ಕಣ್ಣಿನವರೆಗೆ ತಂದುಬಿಡುತ್ತದೆ. ಕಣ್ಣಿನ ಜಾಗ ಬಂದಾಗ ತುದಿ ಒಂಚೂರು ಒಳಕ್ಕೆ ಬೀಳುವುದು ಬೆರಳಿಗೆ ತಿಳಿಯುತ್ತದೆ. ಅಭ್ಯಾಸವಾದರೆ ಇದು ಕಣ್ಣಿಗಿಂತ ಸ್ಪರ್ಶದಿಂದಲೇ ಹೆಚ್ಚು ನಡೆಯುವ ಕೆಲಸ.

ಏನು ಮಾಡಿದರೂ ಹೋಗದಿದ್ದರೆ ಸೂಜಿ ಮತ್ತು ದಾರದ ಜೋಡಿಯನ್ನು ಅನುಮಾನಿಸಿ. ಪೊಟ್ಟಣದ ಮೇಲೆ 80/12, 90/14 ಎಂದು ಬರೆದಿರುತ್ತದೆ. ಮೊದಲ ಸಂಖ್ಯೆ ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ಹೇಳುತ್ತದೆ: 90 ಎಂದರೆ 0.9 ಮಿಲಿಮೀಟರ್. ಎರಡನೆಯದು ಅದೇ ಅಳತೆಯ ಇನ್ನೊಂದು ಹೆಸರು. ಸೂಜಿ ತೆಳುವಾದಷ್ಟೂ ಕಣ್ಣು ಕಿರಿದು. 70/10ರ ಸೂಜಿಗೆ ಜೀನ್ಸ್ ಹೊಲಿಯುವ ದಪ್ಪ ದಾರವನ್ನು ಪೋಣಿಸಲು ಹೆಣಗುವವರನ್ನು ನೋಡಿದ್ದೇನೆ, ಪೋಣಿಸಿದರೂ ಆ ದಾರ ಹೊಲಿಯುವಾಗ ಉಜ್ಜಿ ಉಜ್ಜಿ ಕಿತ್ತುಹೋಗುತ್ತದೆ. ಪರೀಕ್ಷೆ ಸುಲಭ. ಬಿಚ್ಚಿದ ಸೂಜಿಗೆ ಒಂದು ಮೊಳ ದಾರ ಪೋಣಿಸಿ, ದಾರವನ್ನು ಬಿಗಿಯಾಗಿ ಓರೆ ಹಿಡಿಯಿರಿ. ಸೂಜಿ ತಾನಾಗಿ ಜಾರಿ ಇಳಿದರೆ ಜೋಡಿ ಸರಿ. ಸಿಕ್ಕಿಹಾಕಿಕೊಂಡರೆ ದಪ್ಪ ಸೂಜಿ ಬೇಕು, ಇಲ್ಲವೇ ತೆಳು ದಾರ.

ದೃಷ್ಟಿ ಮಂದವಾದವರಿಗೆ ನಾನು ಮೊದಲು ಹೇಳುವ ಹೆಸರು ಟಾಪ್‌ಸ್ಟಿಚ್ ಸೂಜಿ. ದಪ್ಪ ದಾರದ ಅಲಂಕಾರದ ಹೊಲಿಗೆಗೆಂದು ಮಾಡಿದ್ದು ಅದು. ಅದೇ ದಪ್ಪದ ಮಾಮೂಲಿ ಸೂಜಿಗಿಂತ ಅದರ ಕಣ್ಣು ಎದ್ದು ಕಾಣುವಷ್ಟು ದೊಡ್ಡದು. ಮಾಮೂಲಿ ದಾರ ಹಾಕಿ, ಸಾಧಾರಣ ನೇಯ್ಗೆಯ ಬಟ್ಟೆಯನ್ನು ಅದರಲ್ಲಿ ಹೊಲಿಯಲು ಅಡ್ಡಿಯಿಲ್ಲ. ಕಣ್ಣಿನ ಪಕ್ಕದಲ್ಲಿ ಸಣ್ಣ ಸೀಳಿದ್ದು, ದಾರವನ್ನು ಬದಿಯಿಂದಲೇ ಒಳಕ್ಕೆ ಜಾರಿಸಬಹುದಾದ ಸೂಜಿಗಳೂ ಸಿಗುತ್ತವೆ. ಸ್ವಲ್ಪವೂ ಕಾಣದವರು ಕೂಡ ಬೆರಳ ಸ್ಪರ್ಶದಿಂದ ಅದಕ್ಕೆ ದಾರ ಹಾಕಬಲ್ಲರು. ಸೀಳಿರುವುದರಿಂದ ಆ ಸೂಜಿ ಬಲದಲ್ಲಿ ಕಡಿಮೆ, ದಪ್ಪ ಬಟ್ಟೆಗೆ ಆಗದು.

ದಾರ ಪೋಣಿಸುವ ಸಾಧನಗಳಲ್ಲಿ ಎಲ್ಲರಿಗೂ ಪರಿಚಯವಿರುವುದು ತೆಳು ತಂತಿಯ ಕುಣಿಕೆ. ಯಂತ್ರದ ಸೂಜಿಗೆ ಅದನ್ನು ಹಿಂದಿನಿಂದ ಮುಂದಕ್ಕೆ ತೂರಿಸಬೇಕು. ಮುಂದೆ ಅರಳಿದ ಕುಣಿಕೆಯಲ್ಲಿ ದಾರ ಹಾಕಿ ತಂತಿಯನ್ನು ಹಿಂದಕ್ಕೆ ಎಳೆದರೆ ದಾರ ಮುಂದಿನಿಂದ ಹಿಂದಕ್ಕೆ, ಅಂದರೆ ಸರಿಯಾದ ದಿಕ್ಕಿನಲ್ಲೇ ಬರುತ್ತದೆ. ಯಂತ್ರದಲ್ಲೇ ಇರುವ ಪೋಣಿಸುವ ಲಿವರ್ ಕೂಡ ಇದನ್ನೇ ಮಾಡುತ್ತದೆ: ಕೂದಲಿನಷ್ಟು ನವಿರಾದ ಕೊಕ್ಕೆ ಹಿಂದಿನಿಂದ ಕಣ್ಣೊಳಗೆ ಬಂದು, ದಾರವನ್ನು ಹಿಡಿದು ಹಿಂದಕ್ಕೆ ಒಯ್ಯುತ್ತದೆ. ಸೂಜಿ ಬುಡದವರೆಗೆ ಪೂರ್ತಿ ಏರಿರದಿದ್ದರೆ, ಸ್ವಲ್ಪ ಬಾಗಿದ್ದರೆ, ಇಲ್ಲವೇ ಯಂತ್ರ ಹೇಳುವ ಎತ್ತರದಲ್ಲಿ ನಿಂತಿರದಿದ್ದರೆ ಕೊಕ್ಕೆ ಕಣ್ಣನ್ನು ತಪ್ಪಿ ಉಕ್ಕಿಗೆ ಬಡಿದು ಬಾಗುತ್ತದೆ. ಹಾಗಾಗಿ ತಡೆ ಸಿಕ್ಕರೆ ಬಲ ಹಾಕಬೇಡಿ. ತುಂಬ ತೆಳುವಾದ ಸೂಜಿಗೂ ಒಂದೇ ಬುಡಕ್ಕೆ ಎರಡು ಸೂಜಿಗಳಿರುವ ಜೋಡಿ ಸೂಜಿಗೂ ಅದನ್ನು ಬಳಸುವಂತಿಲ್ಲ.

ಇವೆಲ್ಲಕ್ಕಿಂತ ಸುಲಭವಾದ ದಾರಿ ಪದೇ ಪದೇ ಪೋಣಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು. ದಾರದ ಬಣ್ಣ ಬದಲಿಸುವಾಗ ಹಳೆಯ ದಾರವನ್ನು ಉಂಡೆಯ ಹತ್ತಿರ ಕತ್ತರಿಸಿ, ಅದರ ತುದಿಗೆ ಹೊಸ ದಾರವನ್ನು ಸಣ್ಣ ಗಂಟಿನಿಂದ ಕಟ್ಟಿ. ಪಾದ ಮೇಲೆತ್ತಿ, ಸೂಜಿಯ ಕಡೆಯಿಂದ ಮೆಲ್ಲಗೆ ಎಳೆಯಿರಿ. ಹೊಸ ದಾರ ಎಲ್ಲ ಕೊಂಡಿಗಳನ್ನೂ ತಾನೇ ದಾಟಿಕೊಂಡು ಬರುತ್ತದೆ. ಗಂಟು ಕಣ್ಣಿನ ಹತ್ತಿರ ಬಂದಾಗ ನಿಲ್ಲಿಸಿ ಕತ್ತರಿಸಿ, ಸೂಜಿಯೊಂದಕ್ಕೇ ಪೋಣಿಸಿದರೆ ಸಾಕು. ದಾರವನ್ನು ಉಂಡೆಯ ಕಡೆಗೆ ಹಿಂದಕ್ಕೆ ಎಳೆಯುವ ಅಭ್ಯಾಸ ಬಿಟ್ಟುಬಿಡಿ, ನೂಲಿನ ನಾರು ಟೆನ್ಷನ್ ಬಿಲ್ಲೆಗಳಲ್ಲಿ ಸಿಕ್ಕಿ ಉಳಿಯುತ್ತದೆ.

ಹೊಲಿಗೆ ಮುಗಿಸಿ ಮತ್ತೆ ಶುರು ಮಾಡಿದ ಕೂಡಲೇ ದಾರ ಸೂಜಿಯಿಂದ ಕಳಚಿಕೊಳ್ಳುತ್ತಿದ್ದರೆ ಕಾರಣ ದಾರ ಹಾಯಿಸಿದ, ಮೇಲೆ ಕೆಳಗೆ ಆಡುವ ಆ ಲಿವರ್. ಅನೇಕರು ಸೂಜಿ ಮೇಲೆ ಬಂತೆಂದು ನಿಲ್ಲಿಸಿ ದಾರ ಕತ್ತರಿಸುತ್ತಾರೆ. ಸೂಜಿ ತನ್ನ ತುತ್ತತುದಿಯಲ್ಲಿರುವಾಗ ಲಿವರ್ ಇನ್ನೂ ಏರುತ್ತಿರುತ್ತದೆ. ಮುಂದಿನ ಹೊಲಿಗೆ ಶುರುವಾದಾಗ ಅದು ಉಳಿದ ದೂರ ಏರುತ್ತಾ ಸೂಜಿಯಲ್ಲಿರುವ ದಾರವನ್ನೇ ಮೇಲಕ್ಕೆ ಎಳೆದುಬಿಡುತ್ತದೆ. ಕೈಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ, ಲಿವರ್ ಅತ್ಯಂತ ಮೇಲಕ್ಕೆ ಬಂದು ಇಳಿಯಲು ತೊಡಗುವವರೆಗೆ ಕಾದು, ಆಮೇಲೆ ಬಟ್ಟೆ ತೆಗೆಯಿರಿ. ಅಮ್ಮ ದಿನಕ್ಕೆ ಹತ್ತು ಸಲ ನಮ್ಮನ್ನು ಕರೆಯುತ್ತಿದ್ದುದಕ್ಕೆ ಮುಖ್ಯ ಕಾರಣ ಇದೇ ಆಗಿತ್ತೆಂದು ಈಗ ಅನ್ನಿಸುತ್ತದೆ. ಆಗ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ಪೋಣಿಸಿದ ಮೇಲೆ ಒಂದು ಗೇಣಿನಷ್ಟು ದಾರವನ್ನು ಹೊರಗೆಳೆದು ಪಾದದ ಕೆಳಗಿನಿಂದ ಹಿಂದಕ್ಕೆ ಬಿಡಿ. ಪಾದ ಎತ್ತಿ ದಾರವನ್ನು ಎಳೆದು ನೋಡಿ, ಸಲೀಸಾಗಿ ಬರಬೇಕು. ಪಾದ ಇಳಿಸಿ ಮತ್ತೆ ಎಳೆಯಿರಿ, ಈಗ ಸೂಜಿ ತುಸು ಬಾಗುವಷ್ಟು ಬಿಗಿಯಾಗಿರಬೇಕು. ಎರಡೂ ಸಲ ಒಂದೇ ರೀತಿ ಸಡಿಲವಾಗಿ ಬಂದರೆ ದಾರ ಬಿಲ್ಲೆಗಳ ನಡುವೆ ಕೂತಿಲ್ಲ ಎಂದರ್ಥ, ಪಾದವನ್ನು ಎತ್ತಿ ಮೇಲಿನಿಂದ ಮತ್ತೊಮ್ಮೆ ಹಾಯಿಸಬೇಕು.